ಅಂಜಿಕೆ ಬಿಡಿಸುವುದು ಸರ್ಕಾರದ ಕೆಲಸವೂ ಹೌದು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಮಾನಸಿಕ ಆರೋಗ್ಯದ ಕಾರ್ಯಕ್ರಮಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: 'ಜನ ನಾಚಿಕೆ ಬಿಟ್ಟು ಮುಂದೆ ಬರಬೇಕು.' ಸರಿ. ಆದರೆ ಬಂದವರನ್ನು ನಾವು ಹೇಗೆ ಮಾತಾಡಿಸುತ್ತೇವೆ ಅನ್ನುವುದನ್ನೂ ನೋಡಬೇಕು ಅಲ್ವಾ?

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಜಾಸ್ತಿ ಮಂದಿಗೆ ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಏಕೆ ಅಂತ ನಾನು ನನ್ನ ತಮ್ಮನ ಜೊತೆ ಹೋದಾಗ ಕಣ್ಣಾರೆ ಕಂಡೆ.

ತಿಂಗಳುಗಟ್ಟಲೆ ಅವನಿಗೆ ನಿದ್ದೆ ಇರಲಿಲ್ಲ. ಊಟ ಸೇರುತ್ತಿರಲಿಲ್ಲ. 'ಮನಸ್ಸು ಗಟ್ಟಿ ಮಾಡ್ಕೋ' ಅಂತ ಎಲ್ಲರೂ ಹೇಳಿದರು. ಗಟ್ಟಿ ಮಾಡಿಕೊಳ್ಳಲು ಅವನು ಒದ್ದಾಡುತ್ತಲೇ ಇದ್ದ. ಕೊನೆಗೆ 'ಡಾಕ್ಟರ್ ಹತ್ರ ಹೋಗೋಣ್ವಾ ಅಕ್ಕಾ?' ಎಂದು ಅವನೇ ಕೇಳಿದ. ಒಂದು ಆಸ್ಪತ್ರೆಗೆ ಹೋದೆವು. ಚೀಟಿ ಕೊಡುವ ಕೌಂಟರಿನಲ್ಲಿ ಉದ್ದ ಸಾಲು. ಒಳಗಿದ್ದವರು ಎಲ್ಲರಿಗೂ ಕೇಳುವ ಹಾಗೆ, 'ಮಾನಸಿಕ ವಿಭಾಗಕ್ಕಾ? ಯಾರಿಗೆ, ಇವನಿಗಾ? ಏನಾಗಿದೆ?' ಎಂದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ತಮ್ಮ ಚೀಟಿಯನ್ನೇ ತೆಗೆದುಕೊಳ್ಳದೆ ಹೊರಗೆ ಹೊರಟುಹೋದ. ಬೇರೆ ಕಡೆ ಹೋಗಲು ಮತ್ತೆ ಒಪ್ಪಿಸುವಷ್ಟರಲ್ಲಿ ಬಹಳ ದಿನ ಕಳೆದುಹೋಗಿತ್ತು. ಈಗ ಚಿಕಿತ್ಸೆ ನಡೆಯುತ್ತಿದೆ, ಕೆಲಸಕ್ಕೂ ಹೋಗುತ್ತಿದ್ದಾನೆ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಕಾಯಿಲೆಯ ವಿಷಯ ಗುಟ್ಟಾಗಿರುವುದು ರೋಗಿಯ ಹಕ್ಕು. 30ನೇ ಸೆಕ್ಷನ್ ಇನ್ನೂ ಮುಖ್ಯ. ಈ ಕಾಯಿಲೆಗೆ ಅಂಟಿರುವ ಕಳಂಕ ಕಡಿಮೆ ಮಾಡುವ ಕಾರ್ಯಕ್ರಮಗಳನ್ನು ಸರ್ಕಾರವೇ ರೂಪಿಸಬೇಕು, ಹಣ ಕೊಡಬೇಕು, ನಡೆಸಬೇಕು ಎನ್ನುತ್ತದೆ ಅದು. ಪೊಲೀಸರೂ ಸೇರಿದಂತೆ ಅಧಿಕಾರಿಗಳಿಗೆ ಆಗಾಗ ತರಬೇತಿ ಕೊಡಬೇಕು ಅಂತಲೂ ಇದೆ. ಆ ತರಬೇತಿ ಚೀಟಿ ಕೌಂಟರಿನವರಿಗೂ, ಬಾಗಿಲಲ್ಲಿ ನಿಲ್ಲುವ ಸಿಬ್ಬಂದಿಗೂ ಸಿಗಲಿ. ರೋಗಿ ಮೊದಲು ಮಾತಾಡುವುದು ಅವರ ಜೊತೆಗೇ. 'ಏನಾಗಿದೆ' ಅನ್ನುವ ಪ್ರಶ್ನೆ ಡಾಕ್ಟರ ಕೋಣೆಯೊಳಗೇ ಇರಲಿ.

2022ರ ಅಕ್ಟೋಬರ್‌ನಲ್ಲಿ ಶುರುವಾದ, ಮಾನಸಿಕ ತೊಂದರೆ ಇದ್ದವರಿಗೆ ಫೋನಿನಲ್ಲೇ ನೆರವು ಕೊಡುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಒಳ್ಳೆಯ ವ್ಯವಸ್ಥೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆದರೆ ಸುಮ್ನೆ ನಂಬರ್ ಬರೆದು ಗೋಡೆಗೆ ಅಂಟಿಸಿದರೆ ಅಂಜುವವರು ಕರೆ ಮಾಡುವುದಿಲ್ಲ. ಯಾರು ಫೋನ್ ಎತ್ತುತ್ತಾರೆ, ಏನು ಕೇಳುತ್ತಾರೆ, ಹೇಳಿದ್ದು ಯಾರ್ಯಾರಿಗೆ ಗೊತ್ತಾಗುತ್ತದೆ ಅನ್ನುವುದನ್ನು ಪೋಸ್ಟರಿನಲ್ಲೇ ಬಿಡಿಸಿ ಹೇಳಿ. ನಿದ್ದೆ ಬಾರದಿರುವುದು, ಪರೀಕ್ಷೆಯ ಭಯ, ಮನೆಯ ಜಗಳ, ಇದಕ್ಕೆಲ್ಲ ಕರೆ ಮಾಡಬಹುದು ಎಂಬುದೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಇನ್ನೊಂದು ವಿಷಯ. ಎದುರಾಳಿಯನ್ನು ಹೀಯಾಳಿಸಲು 'ಇವರನ್ನು ನಿಮ್ಹಾನ್ಸ್‌ಗೆ ಸೇರಿಸಿ' ಎನ್ನುವ ಮಾತು ನಮ್ಮ ರಾಜಕಾರಣಿಗಳ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ. ಟಿವಿಯಲ್ಲಿ ಅದನ್ನು ಕೇಳುವವರಲ್ಲಿ ನಿಮ್ಹಾನ್ಸ್‌ನಲ್ಲೇ ಚಿಕಿತ್ಸೆ ಪಡೆಯುತ್ತಿರುವವರೂ ಇರುತ್ತಾರೆ, ನಾಳೆ ಹೋಗಬೇಕೋ ಬೇಡವೋ ಅಂತ ಯೋಚಿಸುತ್ತಿರುವವರೂ ಇರುತ್ತಾರೆ. ಮುಂದಿನ ಅಧಿವೇಶನದಲ್ಲಿ ಯಾರೇ ಹಾಗೆ ಅಂದರೂ, ಅವರು ನಿಮ್ಮ ಪಕ್ಷದವರೇ ಆಗಿದ್ದರೂ, ಆರೋಗ್ಯ ಸಚಿವರಾಗಿ ಅಲ್ಲೇ ಎದ್ದು ಆ ಮಾತನ್ನು ವಾಪಸ್ ತೆಗೆದುಕೊಳ್ಳಿ ಎಂದು ಹೇಳಿ.

ಇಂತಿ,
ರಾಜ್ಯದ ಒಬ್ಬ ಮತದಾರಳು