ಮಾಗಡಿ ಕೆರೆಗೆ ಹೋಗುವವರು ಹೆಬ್ಬಾತುಗಳ ಹೊತ್ತು ತಿಳಿದು ಹೋಗಲಿ

ಸಂಪಾದಕರಿಗೆ,

ಮಾನ್ಯರೇ,

ಚಳಿಗಾಲ ಕಾಲಿಟ್ಟಿತೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಬ್ಬಾತುಗಳ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಅದನ್ನು ನೋಡಿದವರು ಮುಂದಿನ ರವಿವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಗಾಡಿ ಹತ್ತುತ್ತಾರೆ. ಬರಲಿ, ಇನ್ನೂ ಹೆಚ್ಚು ಜನ ಬರಲಿ. ತೊಂದರೆ ಇರುವುದು ಬರುವ ಹೊತ್ತಿನಲ್ಲಿ. ಹೆಚ್ಚಿನವರು ನಾಷ್ಟಾ ಮುಗಿಸಿ ಹೊರಟು ಹನ್ನೊಂದು ಗಂಟೆಗೆ ಕೆರೆ ತಲುಪುತ್ತಾರೆ. ಹೆಬ್ಬಾತುಗಳ ಪಾಲಿಗೆ ಅದು ನಿದ್ದೆಯ ಹೊತ್ತು. ದೂರದಲ್ಲಿ ಸುಮ್ಮನೆ ಕೂತ ಬೂದು ಹಕ್ಕಿಗಳನ್ನು ಕಂಡು ಬೇಸರಗೊಂಡ ಯಾರೋ ಒಬ್ಬರು ಚಪ್ಪಾಳೆ ತಟ್ಟುತ್ತಾರೆ, ಇನ್ನೊಬ್ಬರು ನೀರಿನಂಚಿಗೇ ಇಳಿಯುತ್ತಾರೆ. ಹಿಂಡು ಹಿಂಡೇ ಎದ್ದುಹೋಗುತ್ತದೆ. ಇದನ್ನು ತಪ್ಪಿಸುವುದು ಕಷ್ಟವಲ್ಲ. ಅದಕ್ಕೆ ಬೇಕಾದ ಮಾಹಿತಿಯನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ.

ಮೊದಲು ದಾರಿ. ಇದು ಬೆಂಗಳೂರಿನ ಪಕ್ಕದ ಮಾಗಡಿ ಅಲ್ಲ. ಮೊಬೈಲಿನ ನಕ್ಷೆಯಲ್ಲಿ ಬರೀ ಹೆಸರು ಹುಡುಕಿದರೆ ಅಲ್ಲಿಗೇ ದಾರಿ ತೋರಿಸುವ ಸಾಧ್ಯತೆಯುಂಟು. ಈ ಮಾಗಡಿ ಗದಗದಿಂದ ಸುಮಾರು 26 ಕಿ.ಮೀ., ಲಕ್ಷ್ಮೇಶ್ವರದಿಂದ ಸುಮಾರು 11 ಕಿ.ಮೀ. ದೂರದಲ್ಲಿದೆ. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲು ಜನರೇ ಕಟ್ಟಿದ ಕೆರೆ, ವಿಸ್ತಾರ ಸುಮಾರು 50 ಹೆಕ್ಟೇರ್. ಇಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿದ್ದು, ಅವುಗಳಲ್ಲಿ 130 ವಲಸೆ ಬರುವಂಥವು. 2024ರ ಜನವರಿಯಲ್ಲಿ ಕರ್ನಾಟಕದ ಅಂಕಸಮುದ್ರ ಪಕ್ಷಿಧಾಮ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಇದಕ್ಕೂ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮಾನ್ಯತೆ ಸಿಕ್ಕಿತು. ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ದೊಡ್ಡ ನೆಲೆಗಳಲ್ಲಿ ಇದೂ ಒಂದು.

ಈ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಹಿಮಾಲಯ ದಾಟಿ ನವೆಂಬರ್ ವೇಳೆಗೆ ನಮ್ಮ ಬಯಲುಸೀಮೆಗೆ ಬರುತ್ತವೆ. ಮಾರ್ಚ್ ಹೊತ್ತಿಗೆ ಮರಳುತ್ತವೆ. ಮೀನು ತಿನ್ನುವ ಹಕ್ಕಿಗಳಲ್ಲ, ಮೇಯುವ ಹಕ್ಕಿಗಳು. ಅವುಗಳಿಗೆ ಕೆರೆ ತಂಗುದಾಣ, ಊಟ ಸುತ್ತಲಿನ ಎರೆಹೊಲಗಳಲ್ಲಿ. ಸಂಜೆ ಹೊತ್ತು ಮುಳುಗುವಾಗ ಸಾಲುಗಟ್ಟಿ ಹೊಲಗಳ ಕಡೆ ಹೊರಡುತ್ತವೆ. ಕಿತ್ತ ಶೇಂಗಾ ಹೊಲದಲ್ಲಿ ಉಳಿದ ಕಾಳು, ಹಿಂಗಾರಿ ಕಡಲೆಯ ಎಳೆ ಕುಡಿ, ಬದುವಿನ ಹುಲ್ಲು ಇವೇ ಅವುಗಳ ಆಹಾರ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಗುಂಪು ಗುಂಪಾಗಿ ಕೆರೆಗೆ ಮರಳಿ ನೀರು ಕುಡಿದು, ಮೈ ತೊಳೆದು, ಪುಕ್ಕ ಓರಣ ಮಾಡಿಕೊಂಡು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ ನಿದ್ದೆ ಹೋಗುತ್ತವೆ. ಬಾತುಗಳ ಹೊಟ್ಟೆ ಹಸುವಿನಂತೆ ನಾರನ್ನು ಅರಗಿಸುವುದಿಲ್ಲ. ತಿಂದದ್ದರಲ್ಲಿ ಹೆಚ್ಚಿನ ಭಾಗ ಹಾಗೇ ಹೊರಬೀಳುವುದರಿಂದ ಬಹಳ ಹೊತ್ತು ಮೇಯಬೇಕು, ಮೇದದ್ದನ್ನು ಕೊಬ್ಬಾಗಿ ಉಳಿಸಿಕೊಳ್ಳಲು ಹಗಲಲ್ಲಿ ಸುಮ್ಮನಿರಬೇಕು. ಹದ್ದಿನಂತೆ ರೆಕ್ಕೆ ಚಾಚಿ ತೇಲುವ ಹಕ್ಕಿಯೂ ಇದಲ್ಲ, ದಾರಿಯುದ್ದಕ್ಕೂ ರೆಕ್ಕೆ ಬಡಿದೇ ಹಾರಬೇಕು. ಹಾಗೆ ಹಾರುವಾಗ ವಿಶ್ರಾಂತಿಗಿಂತ ಹತ್ತು ಪಟ್ಟಿಗೂ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಒಂದು ಭಾನುವಾರದಲ್ಲಿ ನಾಲ್ಕೈದು ಸಲ ಎಬ್ಬಿಸಿದರೆ ರಾತ್ರಿ ಮೇದದ್ದರಲ್ಲಿ ಒಂದು ಪಾಲು ಅಲ್ಲೇ ಕರಗುತ್ತದೆ. ಹಿಮಾಲಯವನ್ನು ಮತ್ತೆ ದಾಟಲು ಬೇಕಾದ ಕೊಬ್ಬು ಅದು.

ಹಾಗಾಗಿ ನೋಡಲು ಒಳ್ಳೆಯ ಹೊತ್ತು ಎರಡೇ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ತುಸು ಮುಂಚೆ. ಆರೂಕಾಲಿಗೆ ಕೆರೆ ಸೇರಿ, ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ, ಬೆಳಕು ಹರಿಯುವ ಮುನ್ನ ಒಡ್ಡಿನ ಮೇಲೆ ಜಾಗ ಹಿಡಿದು ಕೂರಬೇಕು. ಸೂರ್ಯ ನಿಮ್ಮ ಬೆನ್ನಿಗಿರಲಿ. ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಪ್ಪಾಗಿ ಕಾಣುತ್ತದೆ. ನೀವು ಮೊದಲೇ ಕೂತಿದ್ದರೆ ಹೊಲದಿಂದ ಬರುವ ಗುಂಪುಗಳು ನಿಮ್ಮನ್ನು ನೋಡಿಯೇ ತಮಗೆ ಬೇಕಾದ ಅಂತರದಲ್ಲಿ ಇಳಿಯುತ್ತವೆ. ಅವು ಕೂತ ಮೇಲೆ ನೀವು ಹೋದರೆ ಮಾತ್ರ ಬೆದರುತ್ತವೆ. ‘ಆಂಗ್ ಆಂಗ್’ ಎಂಬ ಮೂಗಿನ ದನಿ ಮೊದಲು ಕೇಳುತ್ತದೆ, ಆಮೇಲೆ ಸಾಲು ಕಾಣುತ್ತದೆ. ಕೆರೆಯ ಮೇಲೆ ಬಂದಾಗ ಕೆಲವು ಹಕ್ಕಿಗಳು ಮೈಯನ್ನು ಪಕ್ಕಕ್ಕೆ ಹೊರಳಿಸಿ, ರೆಕ್ಕೆಯಡಿಯ ಗಾಳಿ ಚೆಲ್ಲಿ, ಎಲೆ ಉದುರಿದಂತೆ ಓಲಾಡುತ್ತ ಎತ್ತರ ಕಳೆದುಕೊಳ್ಳುತ್ತವೆ. ಕೊನೆಯ ಗಳಿಗೆಯಲ್ಲಿ ನೇರವಾಗಿ, ಕಿತ್ತಳೆ ಬಣ್ಣದ ಕಾಲು ಮುಂದೆ ಚಾಚಿ ನೀರಿಗೆ ಇಳಿಯುತ್ತವೆ. ಯಾರೂ ಎಬ್ಬಿಸದೆಯೇ ಸಾವಿರಾರು ಹಕ್ಕಿಗಳ ಹಾರಾಟ ನೋಡಸಿಗುವ ಹೊತ್ತು ಇದು. ಇನ್ನೊಂದು ಹೊತ್ತು ಸಂಜೆ ಐದರಿಂದ ಕತ್ತಲಾಗುವವರೆಗೆ, ಅವು ಹೊರಡುವಾಗ. ಬೆಳಿಗ್ಗೆ ಹತ್ತರ ನಂತರ ಬಿಸಿಲಿಗೆ ನೀರಿನ ಮೇಲಿನ ಗಾಳಿ ನಡುಗತೊಡಗುತ್ತದೆ. ಎಷ್ಟೇ ಬೆಲೆಯ ದುರ್ಬೀನಿನಲ್ಲೂ ಆಮೇಲೆ ಚಿತ್ರ ತೇಲಾಡುತ್ತದೆ.

ಅಂತರ ಎಷ್ಟಿರಬೇಕು ಎಂದು ಕೇಳುವವರಿಗೆ, ಬಯಲಿನಲ್ಲಿ ಕನಿಷ್ಠ 150–200 ಮೀಟರ್ ಎನ್ನುತ್ತೇವೆ. ಆದರೆ ಅಳತೆಗಿಂತ ಹಿಂಡೇ ಒಳ್ಳೆಯ ಸೂಚನೆ ಕೊಡುತ್ತದೆ. ಮಲಗಿದ ಹಿಂಡಿನಲ್ಲೂ ಅಲ್ಲೊಂದು ಇಲ್ಲೊಂದು ಹಕ್ಕಿ ಕತ್ತೆತ್ತಿ ಕಾವಲಿರುತ್ತದೆ, ಅದು ಸಹಜ. ಒಂದೇ ಸಲಕ್ಕೆ ಹತ್ತಾರು ಕತ್ತುಗಳು ನೆಟ್ಟಗೆ ಎದ್ದರೆ ನೀವು ಹತ್ತಿರವಾಗಿದ್ದೀರಿ ಎಂದರ್ಥ. ಮುಂದಿನ ಹಂತದಲ್ಲಿ ಕೂಗು ಜೋರಾಗಿ ದಡದಲ್ಲಿದ್ದವು ನೀರಿನ ಕಡೆ ನಡೆಯತೊಡಗುತ್ತವೆ. ಅದಾದ ಮೇಲೆ ಉಳಿಯುವುದು ಹಾರುವುದೊಂದೇ. ಕತ್ತು ಎದ್ದಾಗಲೇ ನಿಂತು, ಮೆಲ್ಲನೆ ಕುಳಿತು, ಬಂದ ದಾರಿಯಲ್ಲಿ ಹಿಂದೆ ಸರಿದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಮಲಗುತ್ತವೆ. ನೇರ ನಡೆದು ಬರುವ ಮನುಷ್ಯನಿಗಿಂತ ನಿಂತ ಗಾಡಿಗೆ ಹಕ್ಕಿಗಳು ಕಡಿಮೆ ಹೆದರುತ್ತವೆ. ವಯಸ್ಸಾದವರು, ಚಿಕ್ಕ ಮಕ್ಕಳಿದ್ದರೆ ರಸ್ತೆಬದಿ ಕಾರಿನೊಳಗೇ ಕೂತು ನೋಡಬಹುದು, ಬಾಗಿಲು ಬಡಿಯದಿದ್ದರೆ ಸಾಕು. ಡ್ರೋನ್ ಅಂತೂ ಬೇಡವೇ ಬೇಡ. ಮೇಲಿಂದ ಬರುವ ಯಾವ ಆಕಾರವನ್ನಾದರೂ ಅವು ಬೇಟೆಹಕ್ಕಿ ಎಂದೇ ತಿಳಿಯುತ್ತವೆ. ಮೇಲಾಗಿ ಇದು ಸಂರಕ್ಷಣಾ ಮೀಸಲು, ಅಂದರೆ ಕಾನೂನಿನ ರಕ್ಷಣೆಯಿರುವ ಜಾಗ.

ಇಲ್ಲಿ ತಮ್ಮಲ್ಲಿ ಮತ್ತು ಎಲ್ಲ ಪತ್ರಿಕೆಗಳಲ್ಲಿ ಒಂದು ಕೋರಿಕೆ. ಹಾರುವ ಹಿಂಡಿನ ಚಿತ್ರ ಆಯ್ಕೆಗೆ ಬಂದಾಗ ದಯವಿಟ್ಟು ಎರಡು ಕ್ಷಣ ಹೆಚ್ಚು ನೋಡಿ. ತಾನಾಗಿ ಹಾರುವ ಹೆಬ್ಬಾತುಗಳು ಸಾಲಾಗಿ ಅಥವಾ ಬಾಣದ ಮೊನೆಯಂತೆ ಒಂದೇ ದಿಕ್ಕಿಗೆ ಹೋಗುತ್ತವೆ, ಬೆಳಕು ಓರೆಯಾಗಿ ಹಳದಿಗೆ ತಿರುಗಿರುತ್ತದೆ. ಬೆದರಿ ಎದ್ದವು ನೀರಿಗೆ ತೀರ ಹತ್ತಿರ, ಒತ್ತೊತ್ತಾಗಿ, ದಿಕ್ಕಿಗೊಂದರಂತೆ ಮುಖ ಮಾಡಿರುತ್ತವೆ, ನೆರಳು ಗಿಡ್ಡವಾಗಿರುತ್ತದೆ. ಎರಡನೆಯ ಬಗೆಯ ಚಿತ್ರ ಅಚ್ಚಾದರೆ ಅಂಥದ್ದೇ ಇನ್ನೊಂದಕ್ಕಾಗಿ ಮರುದಿನ ಹತ್ತು ಜನ ಕ್ಯಾಮೆರಾ ಹಿಡಿದು ನೀರಿಗಿಳಿಯುತ್ತಾರೆ. ಚಿತ್ರದ ಅಡಿಬರಹದಲ್ಲಿ ನೋಡುವ ಹೊತ್ತು ಮತ್ತು ಅಂತರವನ್ನು ಒಂದು ಸಾಲಿನಲ್ಲಿ ಸೇರಿಸಿದರೆ ಬಹಳ ಉಪಕಾರವಾಗುತ್ತದೆ.

ದುರ್ಬೀನು 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಇದ್ದರೆ ಸಾಕು. 10x42ರಲ್ಲಿ ಹಕ್ಕಿ ದೊಡ್ಡದಾಗಿ ಕಾಣುತ್ತದೆ, ಆದರೆ ಕೈ ನಡುಕವೂ ದೊಡ್ಡದಾಗುತ್ತದೆ. ಮೊಣಕೈಯನ್ನು ಮೊಣಕಾಲಿನ ಮೇಲಿಟ್ಟು ಕೂತರೆ ನಿಭಾಯಿಸಬಹುದು. ಹೆಬ್ಬಾತು ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಿಸಬೇಡಿ, ತಲೆಯನ್ನು ನೋಡಿ. ಬೆಳೆದ ಹಕ್ಕಿಯ ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಮೇಲಿನದು ಕಣ್ಣಿನಿಂದ ಕಣ್ಣಿಗೆ ಸುತ್ತಿ ಬರುತ್ತದೆ, ಕೆಳಗಿನದು ಗಿಡ್ಡ. ಆ ವರ್ಷದ ಮರಿಗೆ ಈ ಪಟ್ಟೆಗಳೇ ಇರುವುದಿಲ್ಲ, ನೆತ್ತಿ ಮತ್ತು ಹಿಂಗತ್ತು ಮಾಸಲು ಕಂದು. ಮೊದಲ ಚಳಿಗಾಲವಿಡೀ ಮರಿಗಳು ತಂದೆತಾಯಿಯ ಪಕ್ಕದಲ್ಲೇ ಇರುತ್ತವೆ. ನೂರು ಹಕ್ಕಿಗಳಲ್ಲಿ ಪಟ್ಟೆಯಿಲ್ಲದವು ಎಷ್ಟು ಎಂದು ಎಣಿಸಿ ಬರೆದಿಟ್ಟರೆ ಆ ವರ್ಷ ಸಂತಾನ ಹೇಗಾಯಿತೆಂಬ ಅಂದಾಜು ಇಲ್ಲೇ ಸಿಗುತ್ತದೆ. ಕತ್ತಿಗೆ ಸಂಶೋಧಕರು ತೊಡಿಸಿದ ಬಣ್ಣದ ಪ್ಲಾಸ್ಟಿಕ್ ಪಟ್ಟಿಯಿರುವ ಹಕ್ಕಿ ಕಂಡರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಮತ್ತು ಅಂಕಿ ಬರೆದುಕೊಳ್ಳಿ, ಮಸುಕಾದರೂ ಒಂದು ಚಿತ್ರ ತೆಗೆಯಿರಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಜಿಲ್ಲೆಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಕಂಡದ್ದು ಗೊತ್ತಾಗಿದ್ದು ಹೀಗೆ ಓದಿ ಬರೆದುಕೊಂಡವರಿಂದಲೇ.

ಎಣಿಕೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಕಣ್ಣಳತೆಯಲ್ಲಿ ‘ಸಾವಿರಾರು’ ಎಂದು ಬರೆಯುವುದು. ಹಿಂಡಿನ ಒಂದು ಅಂಚಿನಲ್ಲಿ ಹತ್ತು ಹಕ್ಕಿ ಎಣಿಸಿ ಅವು ಹಿಡಿದ ಜಾಗ ಮನಸ್ಸಿನಲ್ಲಿಟ್ಟುಕೊಳ್ಳಿ. ಅಂಥ ಹತ್ತು ಸೇರಿಸಿ ನೂರರ ತುಂಡು ಮಾಡಿ, ಆ ತುಂಡನ್ನೇ ಇನ್ನೊಂದು ತುದಿಯವರೆಗೆ ಅಳೆಯುತ್ತ ಹೋಗಿ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಕೊನೆಗೆ ಹೋಲಿಸಬೇಕು, ನಡುವೆ ಸಂಖ್ಯೆ ಹೇಳಿಕೊಳ್ಳಬಾರದು. ಒತ್ತಾಗಿ ಕೂತ ಹಿಂಡಿನಲ್ಲಿ ಹಿಂದಿನವು ಮುಂದಿನವುಗಳ ಮರೆಗೆ ಹೋಗುವುದರಿಂದ ಎಣಿಕೆ ಯಾವಾಗಲೂ ಕಡಿಮೆಯೇ ಬರುತ್ತದೆ. ಸಂಜೆ ಹೊರಡುವ ಸಾಲುಗಳನ್ನು ಒಂದೊಂದಾಗಿ ಕೂಡುತ್ತ ಹೋದರೆ ಅದಕ್ಕಿಂತ ನಿಖರ.

ಹೆಬ್ಬಾತಿನ ಗುಂಗಿನಲ್ಲಿ ಉಳಿದವನ್ನು ಮರೆಯುವವರೇ ಹೆಚ್ಚು. ಸಲಿಕೆಯಂಥ ಕೊಕ್ಕಿನ ಬಾತು, ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು ನೀರಿನ ನಡುವೆಯೇ ಇರುತ್ತವೆ. ನವೆಂಬರಿನಲ್ಲಿ ಹೋದವರಿಗೆ ಇವೆಲ್ಲ ಒಂದೇ ಕಂದು ಬಣ್ಣದ ಹೆಣ್ಣುಗಳಂತೆ ಕಾಣುವುದುಂಟು, ಏಕೆಂದರೆ ಹಲವು ಗಂಡುಗಳಿಗೆ ಆಗಿನ್ನೂ ಬಣ್ಣದ ಗರಿ ಬಂದಿರುವುದಿಲ್ಲ. ಬಿಳಿಹುಬ್ಬಿನ ಬಾತಿನ ಹುಬ್ಬು ಚೆನ್ನಾಗಿ ಬೆಳ್ಳಗಾಗಲು ಫೆಬ್ರುವರಿಯೇ ಬರಬೇಕು. ಕೆಸರಿನಂಚಿನಲ್ಲಿ ಗೊರವಗಳು, ಮೆಟ್ಟುಗಾಲು ಹಕ್ಕಿ. ಮರದ ಕೊಂಬೆಯಲ್ಲಿ ರೆಕ್ಕೆ ಒಣಗಿಸುವ ಹಾವಕ್ಕಿ.

ಶಾಲಾ ಪ್ರವಾಸದ ಶಿಕ್ಷಕರು ಮಕ್ಕಳನ್ನು ಹತ್ತು ಹತ್ತರ ಗುಂಪು ಮಾಡಿ ಸರದಿಯಲ್ಲಿ ಒಡ್ಡಿಗೆ ಕಳಿಸಲಿ. ಸೀಟಿ ಊದಿ ಕರೆಯುವುದು ಬೇಡ. ಬಿಳಿ ಅಂಗಿಯ ಸಮವಸ್ತ್ರ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ, ಮೇಲೊಂದು ಸ್ವೆಟರ್ ಇದ್ದರೆ ಒಳ್ಳೆಯದು. ಬುತ್ತಿ ಬಿಚ್ಚುವುದು ಊರಿನ ಕಡೆ, ಕೆರೆಯ ಹತ್ತಿರವಲ್ಲ. ಉಳಿದ ಅನ್ನ, ಚುರುಮರಿ ಚೆಲ್ಲಿದಲ್ಲಿ ನಾಯಿಗಳು ಸೇರುತ್ತವೆ. ಜನ ಹೋದ ಮೇಲೂ ಅವು ಅಲ್ಲೇ ಉಳಿದು ದಡದಲ್ಲಿ ಮಲಗಿದ ಹಕ್ಕಿಗಳನ್ನು ಅಟ್ಟುತ್ತವೆ.

ಮೇಯುವ ಹೆಬ್ಬಾತು ನೋಡಲು ಹೊಲಗಳಿಗೆ ಗಾಡಿ ನುಗ್ಗಿಸುವುದು, ರಾತ್ರಿ ಟಾರ್ಚ್ ಹಾಯಿಸುವುದು ಇತ್ತೀಚಿನ ಹೊಸ ಪಿಡುಗು. ಕಡಲೆಯ ಕುಡಿ ಹಕ್ಕಿ ಮೇದಾಗ ಆಗುವ ನಷ್ಟವನ್ನು ರೈತ ಈಗಾಗಲೇ ಹೊರುತ್ತಿದ್ದಾನೆ. ಅದರ ಮೇಲೆ ನಮ್ಮ ಗಾಲಿಯ ಜಾಡು ಬೇರೆ ಬೀಳಬಾರದು. ಸುತ್ತಲಿನ ಹಳ್ಳಿಯವರು ಸಹಿಸಿಕೊಂಡಿರುವುದರಿಂದಲೇ ಹೆಬ್ಬಾತು ಇಲ್ಲಿ ಉಳಿದಿದೆ. ಹೊಲಕ್ಕೆ ಕಾಲಿಡುವ ಮುನ್ನ ಹೊಲದವರನ್ನು ಕೇಳುವುದು ಕನಿಷ್ಠ ಮರ್ಯಾದೆ.

ಹೊರಡುವ ಮುನ್ನ ನೀರಿನ ಮಟ್ಟ ವಿಚಾರಿಸಿ. ಮಳೆ ಹೆಚ್ಚಾಗಿ ಕೆರೆ ಅಂಚಿನವರೆಗೆ ತುಂಬಿದ್ದರೆ ಹಕ್ಕಿಗಳು ಕೂರುವ ಬಯಲು ದಡ ಮುಳುಗಿ, ಅವು ಶೆಟ್ಟಿಕೇರಿಯಂಥ ಆಸುಪಾಸಿನ ಕೆರೆಗಳಿಗೆ ಹಂಚಿಹೋಗುತ್ತವೆ. ಪೂರ್ತಿ ಬತ್ತಿದರೂ ಬರುವುದಿಲ್ಲ. ಹಕ್ಕಿ ವೀಕ್ಷಕರು ತಾವು ಕಂಡ ಹಕ್ಕಿಗಳ ಪಟ್ಟಿ ಸೇರಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಆ ವಾರದ ಪಟ್ಟಿಗಳನ್ನು ನೋಡಿಕೊಂಡರೆ ಖಾಲಿ ಕೆರೆ ನೋಡಿ ಮರಳುವ ಪ್ರಸಂಗ ಬರುವುದಿಲ್ಲ. ನಿಮ್ಮ ಪಟ್ಟಿಯನ್ನೂ ಸಂಖ್ಯೆಯ ಸಮೇತ ಸೇರಿಸಿದರೆ ಮುಂದಿನವರಿಗೆ ದಾರಿಯಾಗುತ್ತದೆ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ, ಎಣಿಸಬಲ್ಲ ಕಣ್ಣುಗಳು ಅಲ್ಲಿ ಯಾವಾಗಲೂ ಬೇಕು.

ಇನ್ನೊಂದು ಮಾತು. ಸತ್ತ ಅಥವಾ ಕತ್ತು ತಿರುಚಿಕೊಂಡು ಓಲಾಡುವ ಹಕ್ಕಿ ಕಂಡರೆ ಮುಟ್ಟಬೇಡಿ, ಎತ್ತಿ ನೀರಿಗೆ ಬಿಡಲೂ ಹೋಗಬೇಡಿ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಕಾಡುಹಕ್ಕಿಗಳು ಸತ್ತಾಗ ಹೆಚ್ಚು ಬಲಿಯಾದದ್ದು ಇದೇ ಪಟ್ಟೆತಲೆ ಹೆಬ್ಬಾತುಗಳು. ಜಾಗ, ಹೊತ್ತು, ಎಷ್ಟು ಹಕ್ಕಿ ಎಂಬುದನ್ನು ಗುರುತು ಮಾಡಿಕೊಂಡು ಅರಣ್ಯ ಇಲಾಖೆಗೋ ಹತ್ತಿರದ ಪಶು ಆಸ್ಪತ್ರೆಗೋ ಅಂದೇ ತಿಳಿಸಿ, ಚಪ್ಪಲಿಯ ಕೆಸರು ತೊಳೆದು ಮನೆಗೆ ಹೋಗಿ. ಮನೆಯಲ್ಲಿ ಕೋಳಿ ಸಾಕಿದವರು ಇದನ್ನು ತಪ್ಪದೇ ಪಾಲಿಸಬೇಕು.

– ಹಕ್ಕಿ ವೀಕ್ಷಕರ ಬಳಗದ ಪರವಾಗಿ, ಗದಗ