ಪಾತಾಳವೆಂದರೆ ನರಕವಲ್ಲ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನೆಂಟರೊಬ್ಬರ ಮಣ್ಣಿಗೆ ಹೋಗಿದ್ದೆ. ಚರ್ಚಿನ ಕಡೆ ಹೆಚ್ಚು ತಲೆಹಾಕದವರು ಅವರು. ಪ್ರಸಂಗ ಮಾಡಿದವರು ಬೈಬಲ್ಲಿನಲ್ಲಿ ಪಾತಾಳ ಎಂದಿರುವ ವಚನ ಓದಿ, ಅದನ್ನೇ ಬೆಂಕಿಯ ನರಕ ಎಂದು ವಿವರಿಸಿದರು. ಗುಂಡಿಯ ಪಕ್ಕ ನಿಂತಿದ್ದ ಪುಟ್ಟ ಮೊಮ್ಮಗಳು ತಾಯಿಯ ಸೆರಗು ಜಗ್ಗಿ, "ಅಮ್ಮಾ, ತಾತ ಈಗ ಉರೀತಿದಾರಾ?" ಎಂದಳು. ತಾಯಿ ಬಾಯಿ ಬಿಡಲಿಲ್ಲ.

ಪಾತಾಳ ಎಂದಿರುವ ಕಡೆ ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಮೂಲದಲ್ಲಿರುವ ಹೀಬ್ರೂ ಪದ ಶಿಯೋಲ್. ಒಳ್ಳೆಯವರು, ಕೆಟ್ಟವರು ಎನ್ನದೆ ಸತ್ತವರೆಲ್ಲ ಇಳಿದುಹೋಗುವ, ಸದ್ದಿಲ್ಲದ ಕತ್ತಲ ಜಾಗ. ಯೋಸೇಫನನ್ನು ಕಾಡುಮೃಗ ತಿಂದಿತೆಂದು ನಂಬಿದ ಯಾಕೋಬ, ಅಳುತ್ತಲೇ ಮಗನಿರುವ ಶಿಯೋಲಿಗೆ ಇಳಿಯುತ್ತೇನೆ ಎನ್ನುತ್ತಾನೆ (ಆದಿಕಾಂಡ 37:35). ಮುದ್ದಿನ ಮಗ ನರಕದಲ್ಲಿದ್ದಾನೆಂದು ಯಾವ ತಂದೆ ಅಂದುಕೊಂಡಾನು? ಯೋಬನಂತೂ ನೋವು ತಾಳಲಾರದೆ, ನನ್ನನ್ನು ಅಲ್ಲೇ ಬಚ್ಚಿಡು ಎಂದು ದೇವರನ್ನು ಬೇಡುತ್ತಾನೆ.

ಯೇಸು ಬೆಂಕಿಯ ಎಚ್ಚರಿಕೆ ಕೊಡುವಾಗ ಬರುವ ಪದ ಬೇರೆ, ಗೆಹೆನ್ನಾ. ಅದು ಜೆರುಸಲೇಮಿನ ಪಕ್ಕದ ಹಿನ್ನೋಮ್ ಕಣಿವೆ; ಅಲ್ಲಿ ಮಕ್ಕಳನ್ನು ಬೆಂಕಿಗೆ ಆಹುತಿ ಕೊಟ್ಟದ್ದಕ್ಕೆ ಪ್ರವಾದಿ ಯೆರೆಮೀಯ ಕೆರಳಿದ್ದ. 1611ರ ಇಂಗ್ಲಿಷ್ ಬೈಬಲ್ ಗೆಹೆನ್ನಾಕ್ಕೆ ಹಾಕಿದ 'ಹೆಲ್' ಪದವನ್ನೇ ಶಿಯೋಲಿಗೂ 31 ಕಡೆ ಹಾಕಿತು, ಇನ್ನು 31 ಕಡೆ ಸಮಾಧಿ ಎಂದಿತು. ಗೊಂದಲ ಬೆಳೆದದ್ದರಲ್ಲಿ ಇದರ ಪಾಲು ದೊಡ್ಡದು. ನಮ್ಮ ಕನ್ನಡ ಬೈಬಲ್ಲೇ ವಾಸಿ: ಹೆಚ್ಚಾಗಿ ಶಿಯೋಲಿಗೆ ಪಾತಾಳ, ಗೆಹೆನ್ನಾಕ್ಕೆ ನರಕ. ದೀಪಾವಳಿಗೆ ಪಾತಾಳದಿಂದ ಬಲೀಂದ್ರನನ್ನು ಬರಮಾಡಿಕೊಳ್ಳುವ ನಾಡಿನಲ್ಲಿ ಆ ಮಾತಿಗೆ ಉರಿಯ ವಾಸನೆಯೇ ಇಲ್ಲ.

ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಐಶ್ವರ್ಯವಂತನೊಬ್ಬ ಸತ್ತಮೇಲೆ ಪಾತಾಳದಲ್ಲೇ ಉರಿಯಿಂದ ಸಂಕಟಪಡುತ್ತಾನೆ, ನಿಜ. ಅದನ್ನು ಸಾಮ್ಯ, ಅಂದರೆ ನೀತಿ ಹೇಳುವ ದೃಷ್ಟಾಂತಕಥೆ ಎಂದು ಓದಬೇಕೋ, ಇದ್ದದ್ದು ಇದ್ದಹಾಗೆ ಎಂದೋ ಎನ್ನುವಲ್ಲೇ ಕ್ರೈಸ್ತ ಸಭೆಗಳ ದಾರಿ ಕವಲೊಡೆಯುತ್ತದೆ. ನಿತ್ಯಯಾತನೆಯನ್ನು ನಂಬುವವರು ಬಹಳ ಮಂದಿ. ಸತ್ತವರು ಪುನರುತ್ಥಾನದವರೆಗೆ ನಿದ್ರಿಸುತ್ತಾರೆ, ದುಷ್ಟರು ಕೊನೆಗೆ ಇಲ್ಲವಾಗುತ್ತಾರೆ ಎನ್ನುವುದು ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವರ ಬೋಧನೆ. ಕ್ರಿಸ್ತನು ಸತ್ತವರ ಲೋಕಕ್ಕಿಳಿದು ಅಲ್ಲಿ ಕಾದಿದ್ದ ನೀತಿವಂತರನ್ನು ಬಿಡಿಸಿದನೆಂದು ಕಥೋಲಿಕರು ಪವಿತ್ರ ಶನಿವಾರ ಸ್ಮರಿಸುತ್ತಾರೆ. ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಂತೂ ಗೆಹಿನ್ನೋಮಿನಲ್ಲಿ (ಗೆಹೆನ್ನಾದ ಹೀಬ್ರೂ ರೂಪ) ದುಷ್ಟರಿಗೆ ಹನ್ನೆರಡು ತಿಂಗಳ ತೀರ್ಪು ಎಂಬ ಮಾತಿದೆ.

ಬೋಧಕರಲ್ಲಿ, ನಿಮ್ಮ ಪತ್ರಿಕೆಗೆ ಧರ್ಮದ ಅಂಕಣ ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟೇ: ನಿಮ್ಮ ಸಭೆಯ ನಂಬಿಕೆಯನ್ನು ನಿಮ್ಮ ಸಭೆಯದೆಂದೇ ಹೇಳಿ, 'ಬೈಬಲ್ ಹೀಗೇ ಹೇಳುತ್ತದೆ' ಎನ್ನುವ ಮೊದಲು ಅಲ್ಲಿರುವ ಪದ ಯಾವುದೆಂದು ನೋಡಿ. ಸಾವಿನ ಮನೆಯಲ್ಲಂತೂ ಖಂಡಿತ ನೋಡಿ.

ಕಳೆದ ವಾರ ಆ ತಾಯಿಯ ಮನೆಗೆ ಹೋಗಿ, ಯಾಕೋಬನ ವಚನ ತೆರೆದು ತೋರಿಸಿದೆ. ಎರಡು ಸಲ ಓದಿ, ಮಗಳನ್ನು ಕೂಗಿದರು.

– ಓದುಗ, ಮೈಸೂರು