ಕೋಶ ಸುಮ್ನೆ ತುಂಡಾಗಲ್ಲ ಸ್ವಾಮಿ

ಸಂಪಾದಕರೇ ನಮಸ್ಕಾರ,

ಮೊನ್ನೆ ನಿಮ್ಮ ವಿಜ್ಞಾನ ಪುಟದಲ್ಲಿ ಜೀವಕೋಶ "ಬೆಳೆದು ಎರಡಾಗುತ್ತೆ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ರಿ, ಬೇಜಾರಾಯ್ತು. ಎರಡಾಗೋದು ಕೊನೇ ಕೆಲಸ ಕಣ್ರೀ. ಲ್ಯಾಬಲ್ಲಿ ಬೆಳೆಸೋ ಮನುಷ್ಯರ ಕೋಶ ಒಂದು ಸುತ್ತು ಮುಗಿಸೋಕೆ ಹೆಚ್ಚೂಕಮ್ಮಿ 24 ಗಂಟೆ ಬೇಕು, ಅದ್ರಲ್ಲಿ ಒಡೆಯೋಕೆ ಹಿಡಿಯೋದು ಸುಮಾರು ಒಂದೇ ಗಂಟೆ, ಮಿಕ್ಕಿದ್ದೆಲ್ಲ ಬೆಳೆಯೋದು, ಡಿಎನ್‌ಎ ಕಾಪಿ ಮಾಡೋದು, ಕಾಪಿ ಸರಿಯಾಗಿದ್ಯಾ ಅಂತ ಚೆಕ್ ಮಾಡೋದು. 46 ಕ್ರೋಮೋಸೋಮಲ್ಲಿರೋ (ಅಂದ್ರೆ ಡಿಎನ್‌ಎ ಸುತ್ತಿಟ್ಟ ಎಳೆಗಳಲ್ಲಿರೋ) ಸುಮಾರು 600 ಕೋಟಿ ಡಿಎನ್‌ಎ ಅಕ್ಷರ ಏಳೆಂಟು ಗಂಟೇಲಿ ನಕಲಾಗ್ಬೇಕು! ಒಂದು ತುದಿಯಿಂದ ಶುರು ಮಾಡಿದ್ರೆ ಆಗೋ ಮಾತಲ್ಲ, ಅದಕ್ಕೇ ಸಾವಿರಾರು ಜಾಗದಿಂದ ಶುರುವಾಗುತ್ತೆ.

ಇದನ್ನೆಲ್ಲ ನಡೆಸೋರು ಯಾರು ಅನ್ನೋದೇ ಮಜಾ. 1982ರಲ್ಲಿ ಟಿಮ್ ಹಂಟ್ ಅನ್ನೋ ವಿಜ್ಞಾನಿ ಕಡಲ ಅರ್ಚಿನ್ (ಮೈಯೆಲ್ಲ ಮುಳ್ಳಿರೋ ಸಮುದ್ರಜೀವಿ) ಮೊಟ್ಟೆ ನೋಡ್ತಾ ಇದ್ದಾಗ, ಒಂದು ಪ್ರೋಟೀನು ಮೆಲ್ಲಗೆ ಏರಿ ಪ್ರತಿ ಸಲ ಕೋಶ ಒಡೆಯೋ ಹೊತ್ತಿಗೆ ಮಾಯ ಆಗ್ತಿತ್ತು, ಅದೇ ಸೈಕ್ಲಿನ್ನು, ಕೋಶಕ್ಕೆ ಮುಂದಿನ ಹಂತಕ್ಕೆ ಹೋಗು ಅಂತ ಸೂಚನೆ ಕೊಡೋಕೆ ಬೇಕಾದ ಪ್ರೋಟೀನು. 2001ರಲ್ಲಿ ಲೀಲ್ಯಾಂಡ್ ಹಾರ್ಟ್‌ವೆಲ್, ಪಾಲ್ ನರ್ಸ್ ಅನ್ನೋ ವಿಜ್ಞಾನಿಗಳ ಜೊತೆ ಹಂಟ್‌ಗೂ ನೊಬೆಲ್ ಬಂತು. ಈ ಚೆಕಿಂಗ್ ವ್ಯವಸ್ಥೆ ಹಾಳಾದ್ರೆ ಕ್ಯಾನ್ಸರಿಗೂ ದಾರಿ ಆಗುತ್ತೆ, ಅದನ್ನೂ ಬರೀಬೇಕಿತ್ತು.

ಪಿಯುಸಿ ಮಕ್ಕಳು ಕೋಶ ಒಡೆಯೋ ಹಂತಗಳನ್ನ ಪ್ರೊಫೇಸ್ ಮೆಟಾಫೇಸ್ ಅಂತ ಮಗ್ಗಿ ಥರ ಒಪ್ಪಿಸ್ತಾರೆ, ಕಣ್ಣಾರೆ ನೋಡಿರೋರು ಕಮ್ಮಿ. ಲೋಟದ ನೀರಿನ ಮೇಲೆ ಈರುಳ್ಳಿ ಇಟ್ರೆ ಎರಡ್ಮೂರು ದಿನದಲ್ಲಿ ಬೇರು ಬರುತ್ತೆ, ತುದೀನ ಆಸಿಡ್ಡಲ್ಲಿ ಮೆತ್ತಗೆ ಮಾಡಿ ಬಣ್ಣ ಹಾಕಿ ಗಾಜಿನ ಕೆಳಗೆ ಒತ್ತಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ, ಅದೃಷ್ಟ ಇದ್ರೆ ಒಂದು ಕೋಶದಲ್ಲಿ 16 ಕ್ರೋಮೋಸೋಮು ಎಣಿಸ್ಬಹುದು (ನಾನು 11ರ ತನಕ ಎಣಿಸಿ ಕೈಬಿಟ್ಟಿದ್ದೆ). ಇದನ್ನ ಫೋಟೋ ಸಮೇತ ಮುಂದಿನ ವಾರ ಹಾಕ್ತೀರಾ?

ಇಂತಿ,
ಒಬ್ಬ ರಿಟೈರ್ಡ್ ಬಯಾಲಜಿ ಮೇಷ್ಟ್ರು, ಹಾಸನ